ಪಿಟ್ಟ: ಊರಿನ ಮಾತು ವಿಜ್ಞಾನದ ಹೆಸರಾದ ಬಗೆ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೊರಟ ರೈಲು ದೊಡ್ಡಬಳ್ಳಾಪುರ, ಮಾಕಳಿದುರ್ಗಗಳನ್ನು ದಾಟಿ ತೊಂಡೇಬಾವಿ ನಿಲ್ದಾಣಕ್ಕೆ ಬರುವಷ್ಟರಲ್ಲಿ ಡಬ್ಬಿಯೊಳಗೆ ಎರಡು ಭಾಷೆಗಳು ಬೆರೆತಿರುತ್ತವೆ. ಒಂದೇ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವುದೂ ಉಂಟು. ಗೌರಿಬಿದನೂರು ತಾಲ್ಲೂಕಿನ ಎಷ್ಟೋ ಹಳ್ಳಿಗಳ ಮಕ್ಕಳು ಶಾಲೆಯ ನೋಟ್‌ಬುಕ್ಕಿನಲ್ಲಿ ‘ಹಕ್ಕಿ’ ಎಂದು ಬರೆಯುತ್ತಾರೆ. ಮನೆಗೆ ಹೋದ ಮೇಲೆ ಅದನ್ನೇ ‘ಪಿಟ್ಟ’ ಎನ್ನುತ್ತಾರೆ. ಪಿಟ್ಟ ಎಂದರೆ ತೆಲುಗಿನಲ್ಲಿ ಸಣ್ಣ ಹಕ್ಕಿ. ನಮ್ಮ ನೀಲಕಂಠ ಅವರಿಗೆ ಪಾಲಪಿಟ್ಟ. ನಮ್ಮ ಮಿಂಚುಳ್ಳಿ ಲಕುಮುಕಿಪಿಟ್ಟ. ನಮ್ಮ ಪಿಕಳಾರ ಪಿಕಿಲಿಪಿಟ್ಟ. ಮಾಳಿಗೆಯ ಮೇಲಿನ ಮೋಟುಗೋಡೆ ಕೂಡ ‘ಪಿಟ್ಟಗೋಡ’. ಹಕ್ಕಿ ಬಂದು ಕೂರುವ ಗೋಡೆ.

ಜೀವವಿಜ್ಞಾನದ ತರಗತಿಯಲ್ಲಿ ಮನೆಯ ಈ ಪದಕ್ಕೆ ಜಾಗವಿಲ್ಲವೆಂದು ಮಕ್ಕಳು ತಿಳಿದಿದ್ದರೆ ಆಶ್ಚರ್ಯವಿಲ್ಲ. ವೈಜ್ಞಾನಿಕ ಹೆಸರುಗಳೆಂದರೆ ಗ್ರೀಕ್ ಅಥವಾ ಲ್ಯಾಟಿನ್ ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಆದರೆ ಇದೇ ‘ಪಿಟ್ಟ’ ಎಂಬ ಪದ 1816ರಿಂದ ಒಂದು ಕುಲದ ಅಧಿಕೃತ ವೈಜ್ಞಾನಿಕ ಹೆಸರಾಗಿದೆ. ಒಂದು ಇಡೀ ಕುಟುಂಬಕ್ಕೂ ಅದರಿಂದಲೇ ಹೆಸರು ಬಂದಿದೆ. ಆಫ್ರಿಕದ ಕಾಡಿನಲ್ಲಿ, ನ್ಯೂಗಿನಿಯ ದ್ವೀಪಗಳಲ್ಲಿ, ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಹಕ್ಕಿಶಾಸ್ತ್ರಜ್ಞರು ದಿನವೂ ಬಳಸುವ ಈ ಪದ ಕೋರಮಂಡಲ ಕರಾವಳಿಯಲ್ಲಿ ಯಾರೋ ಒಬ್ಬರು ಆಡಿದ ಮಾತು. ಅದು ಅಲ್ಲಿಂದ ಪುಸ್ತಕಕ್ಕೆ ಹೋದದ್ದು ಹೇಗೆ? ಜೊತೆಗೆ ಏನು ಹೋಯಿತು, ಏನು ಹೋಗಲಿಲ್ಲ? ಇದೇ ಈ ಲೇಖನದ ವಿಷಯ.

ಒಂಬತ್ತು ಬಣ್ಣದ ಹಕ್ಕಿ

ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳೋಣ. ಕನ್ನಡದಲ್ಲಿ ಇದಕ್ಕೆ ನವರಂಗ ಎಂದು ಹೆಸರು. ಉದ್ದ ಸುಮಾರು 19 ಸೆಂ.ಮೀ., ತೂಕ ಸುಮಾರು 50ರಿಂದ 65 ಗ್ರಾಂ. ಬೆನ್ನು ಹಸಿರು, ಎದೆ ಗೋಧಿ ಬಣ್ಣ, ಗಂಟಲು ಬಿಳಿ, ಕಣ್ಣಿನ ಮೇಲೆ ಹಾದು ಹಿಂದಕ್ಕೆ ಹೋಗುವ ದಪ್ಪ ಕಪ್ಪು ಪಟ್ಟೆ, ರೆಕ್ಕೆಯ ಮೇಲೆ ಹೊಳೆಯುವ ನೀಲಿ, ಬಾಲದ ಬುಡದ ಕೆಳಗೆ ಕಡುಗೆಂಪು. ಕಾಲು ಉದ್ದ, ಮೈ ಗುಂಡಗೆ, ಬಾಲ ಮೋಟು. ಗಂಡು ಹೆಣ್ಣುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇಷ್ಟು ಬಣ್ಣವಿದ್ದರೂ ಇದು ಸುಲಭವಾಗಿ ಕಾಣಿಸುವುದಿಲ್ಲ. ದಟ್ಟ ಪೊದೆಗಳ ನೆರಳಿನಲ್ಲಿ ನೆಲದ ಮೇಲೆ ಕುಪ್ಪಳಿಸುತ್ತ, ಕೊಕ್ಕಿನಿಂದ ತರಗೆಲೆಗಳನ್ನು ಮಗುಚಿ ಹಾಕಿ ಹುಳು, ಹುಪ್ಪಟೆ, ಗೆದ್ದಲು, ಎರೆಹುಳುಗಳನ್ನು ತಿನ್ನುತ್ತದೆ. ಗಾಬರಿಯಾದರೆ ಹಾರಿಹೋಗುವುದಕ್ಕಿಂತ ಕುಪ್ಪಳಿಸಿ ಪೊದೆ ಸೇರುವುದೇ ಹೆಚ್ಚು. ಇದರ ಇರುವಿಕೆ ತಿಳಿಯುವುದು ಬಹುಮಟ್ಟಿಗೆ ಕಿವಿಯಿಂದ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಎರಡು ಸ್ವರಗಳ ಸ್ಪಷ್ಟವಾದ ಸಿಳ್ಳೆ ಕೇಳಿಸುತ್ತದೆ. ತಮಿಳರು ಇದನ್ನು ‘ಆರುಮಣಿ ಕುರುವಿ’, ಅಂದರೆ ಆರು ಗಂಟೆಯ ಹಕ್ಕಿ, ಎಂದು ಕರೆದದ್ದು ಇದಕ್ಕೇ. ಸಿಂಹಳದಲ್ಲಿ ಇದು ‘ಅವಿಚ್ಚಿಯ’. ತನ್ನ ಉಡುಗೆಯನ್ನು ನವಿಲು ಕದ್ದುಕೊಂಡು ಹೋಯಿತೆಂದು ಈ ಹಕ್ಕಿ ದೂರುತ್ತದೆಂಬ ಕಥೆಯೂ ಅಲ್ಲಿದೆ. ಮಲಯಾಳದಲ್ಲಿ ‘ಕಾವಿ’. ಹಿಂದಿ, ಮರಾಠಿಗಳಲ್ಲಿ ನಮ್ಮಂತೆಯೇ ನವರಂಗ.

ಚಿಕ್ಕಬಳ್ಳಾಪುರ ಜಿಲ್ಲೆಗೆ ನವರಂಗ ಅತಿಥಿ. ಮಳೆಗಾಲ ಮುಗಿಯುತ್ತಿದ್ದಂತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಂದು, ಏಪ್ರಿಲ್–ಮೇ ಹೊತ್ತಿಗೆ ಹಿಂದಿರುಗುತ್ತದೆ. ನಂದಿಬೆಟ್ಟದ ಮರಗಳ ನೆರಳಿನಲ್ಲಿ ಚಳಿಗಾಲದಲ್ಲಿ ಇದನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಬಯಲಿನ ಊರುಗಳಲ್ಲಿ ಇದು ದಾರಿಹೋಕ. ಒಂದು ಬೆಳಿಗ್ಗೆ ಮನೆಯ ಜಗಲಿಯಲ್ಲೋ ದನದ ಕೊಟ್ಟಿಗೆಯಲ್ಲೋ ಶಾಲೆಯ ವರಾಂಡದಲ್ಲೋ ಮುದುಡಿ ಕುಳಿತು, ನೋಡಿದವರನ್ನು ಬೆರಗುಗೊಳಿಸಿ, ಮರುದಿನ ಇಲ್ಲವಾಗುವ ಹಕ್ಕಿ. ‘ಜಗಲಿಯಲ್ಲಿ ಸಿಗುವ ಹಕ್ಕಿ’ ಎಂಬ ಈ ಸಂಗತಿಯನ್ನು ನೆನಪಿನಲ್ಲಿಡಿ. ಕಥೆಯ ಎರಡನೆಯ ಭಾಗ ನಿಂತಿರುವುದು ಅದರ ಮೇಲೆ.

ಕೋಟೆಯ ವೈದ್ಯನಿಂದ ಲಂಡನ್ನಿನ ಅಂಗಡಿಗೆ

1700ರ ಆಸುಪಾಸಿನಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಎಡ್ವರ್ಡ್ ಬಲ್ಕ್‌ಲಿ ಎಂಬ ವೈದ್ಯನಿದ್ದ. ಈಸ್ಟ್ ಇಂಡಿಯಾ ಕಂಪನಿಯ ನೌಕರ. ಬಹುಪಾಲು ಔಷಧಿಗಳು ಗಿಡಮೂಲಿಕೆಗಳಿಂದ ಬರುತ್ತಿದ್ದ ಕಾಲವಾದುದರಿಂದ ವೈದ್ಯರಿಗೆ ಸಸ್ಯಗಳ ಪರಿಚಯ ಬೇಕೇ ಬೇಕಿತ್ತು. ಸುತ್ತಲಿನ ಹಳ್ಳಿಗಳ ಗಿಡಗಳನ್ನು ಒಣಗಿಸಿ, ಅವುಗಳ ಸ್ಥಳೀಯ ಹೆಸರುಗಳನ್ನು ಬರೆದುಕೊಂಡು, ಬಲ್ಕ್‌ಲಿ ಲಂಡನ್ನಿನ ಜೇಮ್ಸ್ ಪೆಟಿವರ್‌ಗೆ ಕಳಿಸುತ್ತಿದ್ದ. ಪೆಟಿವರ್ ಔಷಧ ವ್ಯಾಪಾರಿ. ಜಗತ್ತಿನ ಮೂಲೆಮೂಲೆಗಳಿಂದ ಗಿಡ, ಚಿಟ್ಟೆ, ಚಿಪ್ಪುಗಳನ್ನು ತರಿಸಿಕೊಂಡು ಕೂಡಿಡುತ್ತಿದ್ದ ಸಂಗ್ರಾಹಕ. ಗಿಡಗಳ ಜೊತೆಗೆ ಮದರಾಸಿನ ಕೆಲವು ಹಕ್ಕಿಗಳ ವಿವರಗಳೂ ಚಿತ್ರಗಳೂ ಅವನ ಕೈಸೇರಿದವು.

ಇಂಗ್ಲೆಂಡಿನ ಹೆಸರಾಂತ ನಿಸರ್ಗ ವಿಜ್ಞಾನಿ ಜಾನ್ ರೇ ಹಕ್ಕಿಗಳ ಕ್ರಮಬದ್ಧ ಸಂಗ್ರಹವೊಂದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಿದ್ದ. ಅವನು ತೀರಿಕೊಂಡದ್ದು 1705ರಲ್ಲಿ. ಪುಸ್ತಕ ಅಚ್ಚಾದದ್ದು 1713ರಲ್ಲಿ. ಅದರ ಕೊನೆಯಲ್ಲಿ ಪೆಟಿವರ್ ಒಂದು ಅನುಬಂಧ ಸೇರಿಸಿದ. ಅದು ಮದರಾಸಿನ ಹಕ್ಕಿಗಳನ್ನು ಕುರಿತದ್ದು. ಅಲ್ಲಿ ಒಂದು ಹಕ್ಕಿಯ ಹೆಸರು ‘ಪೊನ್ನಂಕಿ ಪಿಟ್ಟ’ ಎಂದಿದೆ. ಇಂಗ್ಲಿಷ್ ಕಿವಿಗೆ ಕೇಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಅಪ್ಪಟ ತೆಲುಗು. ಅದೇ ನಮ್ಮ ನವರಂಗ.

ಗಮನಿಸಬೇಕಾದ ಸಂಗತಿಯೊಂದಿದೆ. ಮದರಾಸು ತಮಿಳು ನಾಡಿನ ಊರಾದರೂ ಕೋಟೆಯ ಸುತ್ತ ತೆಲುಗು ಮಾತಾಡುವವರು ಬಹಳ ಮಂದಿ ಇದ್ದರು. ಕಂಪನಿಯವರು ತೆಲುಗನ್ನು ‘ಜೆಂಟೂ’ ಎಂದೂ, ತಮಿಳನ್ನು ‘ಮಲಬಾರ್’ ಎಂದೂ ಕರೆಯುತ್ತಿದ್ದರು. ಬಲ್ಕ್‌ಲಿಗೆ ಈ ಹೆಸರನ್ನು ಹೇಳಿದವರು ತೆಲುಗಿನವರು. ಹಕ್ಕಿ ಹಿಡಿಯುವವರೋ, ತೋಟದ ಆಳುಗಳೋ, ಆಸ್ಪತ್ರೆಯ ಕೆಲಸದವರೋ, ಯಾರಾದರೂ ಇರಬಹುದು. ಅವರ ಹೆಸರು ಅಚ್ಚಾಗಲಿಲ್ಲ. ಅವರ ಮಾತು ಅಚ್ಚಾಯಿತು.

ಕಾಗೆಯಾಗಿ, ಥ್ರಷ್ ಆಗಿ, ಕೊನೆಗೆ ಪಿಟ್ಟವಾಗಿ

ಸ್ವೀಡನ್ನಿನ ಕಾರ್ಲ್ ಲಿನೇಯಸ್ ಪ್ರತಿಯೊಂದು ಜೀವಿಗೂ ಎರಡು ಪದಗಳ ಹೆಸರನ್ನು ಕೊಡುವ ದ್ವಿನಾಮ ಪದ್ಧತಿಯನ್ನು ಬಳಕೆಗೆ ತಂದವನು. 1766ರಲ್ಲಿ ಹೊರಬಂದ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 12ನೆಯ ಆವೃತ್ತಿಯಲ್ಲಿ ಅವನು ನವರಂಗವನ್ನು ಸೇರಿಸಿದ. ಅದಕ್ಕೆ ಆಧಾರ ಪೆಟಿವರ್‌ನ ಟಿಪ್ಪಣಿ, ಫ್ರಾನ್ಸಿನ ಬ್ರಿಸಾನ್ ಕೊಟ್ಟ ವರ್ಣನೆ ಮತ್ತು ಇಂಗ್ಲೆಂಡಿನ ಜಾರ್ಜ್ ಎಡ್ವರ್ಡ್ಸ್ ಬರೆದ ಚಿತ್ರ. ಲಿನೇಯಸ್ ಕೊಟ್ಟ ಹೆಸರು ‘ಕಾರ್ವಸ್ ಬ್ರಾಕಿಯುರಸ್’. ಕಾರ್ವಸ್ ಎಂದರೆ ಕಾಗೆಯ ಕುಲ. ಬ್ರಾಕಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಮೋಟು, ಊರಾ ಎಂದರೆ ಬಾಲ. ಅಂದರೆ ‘ಮೋಟುಬಾಲದ ಕಾಗೆ’!

ನಮಗೆ ಇದು ನಗೆ ತರಿಸಬಹುದು. ಆದರೆ ಆಗ ಇದ್ದ ಕುಲಗಳು ಕೆಲವೇ. ಕೊಕ್ಕು, ಕಾಲು, ಗಾತ್ರಗಳ ಹೋಲಿಕೆ ನೋಡಿ ಹೊಸ ಹಕ್ಕಿಯನ್ನು ಇದ್ದ ಪೆಟ್ಟಿಗೆಗಳಲ್ಲೇ ಒಂದಕ್ಕೆ ಹಾಕಬೇಕಿತ್ತು. ಹತ್ತು ವರ್ಷಗಳ ಬಳಿಕ, 1776ರಲ್ಲಿ, ಸ್ಟಾಟಿಯಸ್ ಮ್ಯುಲರ್ ಎಂಬ ಜರ್ಮನ್ ವಿದ್ವಾಂಸ ಇದನ್ನು ಕಾಗೆಗಳಿಂದ ಬಿಡಿಸಿ ಥ್ರಷ್‌ಗಳ ಕುಲಕ್ಕೆ ಸೇರಿಸಿದ. ನೆಲದ ಮೇಲೆ ಕುಪ್ಪಳಿಸಿ ಹುಳು ತಿನ್ನುವ ಥ್ರಷ್ ಹಕ್ಕಿಗಳಿಗೂ ಇದಕ್ಕೂ ನಡೆಯಲ್ಲಿ ಹೋಲಿಕೆಯಿದೆ. ಕಾಗೆಗಿಂತ ಇದು ಮೇಲು, ಆದರೂ ಸರಿಯಲ್ಲ. ಫ್ರಾನ್ಸಿನವರು ಬಾಲವನ್ನೇ ಹಿಡಿದು ‘ಬ್ರೆವ್’, ಅಂದರೆ ಗಿಡ್ಡ, ಎಂದು ಕರೆದರು.

ಕೊನೆಗೆ 1816ರಲ್ಲಿ ಫ್ರಾನ್ಸಿನ ಲೂಯಿ ವಿಯೆಯೊ ಈ ಹಕ್ಕಿಗಳು ಕಾಗೆಯೂ ಅಲ್ಲ, ಥ್ರಷ್ಷೂ ಅಲ್ಲ, ತಮ್ಮದೇ ಒಂದು ಕುಲಕ್ಕೆ ಸೇರಬೇಕಾದವು ಎಂದು ತೀರ್ಮಾನಿಸಿದ. ಹೊಸ ಕುಲಕ್ಕೆ ಹೊಸ ಹೆಸರು ಬೇಕಿತ್ತು. ನೂರು ವರ್ಷಗಳ ಹಿಂದೆ ಅಚ್ಚಾಗಿದ್ದ ತೆಲುಗು ಪದ ಕೈಗೆ ಸಿಕ್ಕಿತು. ‘ಪೊನ್ನಂಕಿ’ ಬಿದ್ದುಹೋಗಿ ‘ಪಿಟ್ಟ’ ಉಳಿಯಿತು. ಲ್ಯಾಟಿನ್ ವ್ಯಾಕರಣದಲ್ಲಿ ಆಕಾರಾಂತ ಪದಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಕುಲದ ಹೆಸರಿನ ಲಿಂಗಕ್ಕೆ ಪ್ರಭೇದದ ವಿಶೇಷಣವೂ ಹೊಂದಬೇಕು. ಆದ್ದರಿಂದ ‘ಬ್ರಾಕಿಯುರಸ್’ ಹೋಗಿ ‘ಬ್ರಾಕಿಯುರ’ ಆಯಿತು. ಇಂದಿಗೂ ನವರಂಗದ ವೈಜ್ಞಾನಿಕ ಹೆಸರು ‘ಪಿಟ್ಟ ಬ್ರಾಕಿಯುರ’. ಮೊದಲ ಪದ ತೆಲುಗು, ಎರಡನೆಯದು ಗ್ರೀಕ್, ವ್ಯಾಕರಣ ಲ್ಯಾಟಿನ್.

ಇಲ್ಲೊಂದು ಸಣ್ಣ ಅಪಾರ್ಥವೂ ಅಡಗಿದೆ. ಪೊನ್ನಂಕಿ ಪಿಟ್ಟ ಎಂಬಲ್ಲಿ ಈ ಹಕ್ಕಿಯನ್ನು ಗುರುತಿಸುವ ಪದ ‘ಪೊನ್ನಂಕಿ’. ‘ಪಿಟ್ಟ’ ಎಲ್ಲ ಸಣ್ಣ ಹಕ್ಕಿಗಳಿಗೂ ಅನ್ವಯಿಸುವ ಪದ. ವಿಜ್ಞಾನ ವಿಶೇಷವನ್ನು ಬಿಟ್ಟು ಸಾಮಾನ್ಯವನ್ನು ಹಿಡಿದುಕೊಂಡಿತು. ತೆಲುಗು ಬಲ್ಲವರಿಗೆ ‘ಪಿಟ್ಟ ಬ್ರಾಕಿಯುರ’ ಎಂದರೆ ಬರಿಯ ‘ಮೋಟುಬಾಲದ ಸಣ್ಣ ಹಕ್ಕಿ’. ಹೇಳಿದವರನ್ನು ಮತ್ತೆ ಕೇಳಲು ಅವಕಾಶವಿಲ್ಲದಾಗ ಹೀಗಾಗುತ್ತದೆ. ಆದರೂ ಇದು ಒಂಟಿ ಉದಾಹರಣೆಯಲ್ಲ. ಹೆಗ್ಗಣದ ಕುಲ ‘ಬ್ಯಾಂಡಿಕೋಟ’ ಬಂದದ್ದು ತೆಲುಗಿನ ‘ಪಂದಿಕೊಕ್ಕು’ ಎಂಬ ಪದದಿಂದ. ಅಡಿಕೆಯ ಕುಲ ‘ಅರೇಕ’ದ ಹಿಂದಿರುವುದು ಮಲಯಾಳದ ‘ಅಡಕ್ಕ’. ನಮ್ಮ ‘ಅಡಿಕೆ’ ಅದರ ಸೋದರ ಪದ.

ಆಸ್ಪತ್ರೆಯಲ್ಲಿ ಸಿಕ್ಕ ಹಕ್ಕಿ

ಹೆಸರಿನ ಕಥೆ ಇಲ್ಲಿಗೆ ಒಂದು ನಿಲುಗಡೆಗೆ ಬಂತು. ಆದರೆ ಹೆಸರಿಟ್ಟ ಮಾತ್ರಕ್ಕೆ ಹಕ್ಕಿಯ ಬದುಕು ತಿಳಿದಂತಾಗಲಿಲ್ಲ. ಅದನ್ನು ನೋಡಬೇಕಾದರೆ ಮತ್ತೆ ನಮ್ಮ ಸೀಮೆಗೆ ಬರಬೇಕು.

ನಂದಿ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮಗ್ಗುಲಲ್ಲಿ ಹಾದು ಆಂಧ್ರಕ್ಕೆ ಇಳಿಯುತ್ತದೆ. ಅಲ್ಲಿ ಅದರ ಹೆಸರು ಪೆನ್ನಾ. ಸುಮಾರು 600 ಕಿ.ಮೀ. ಹರಿದು ಅದು ಸಮುದ್ರ ಸೇರುವುದು ನೆಲ್ಲೂರಿನ ಬಳಿ. 1840ರ ದಶಕದಲ್ಲಿ ಈ ನೆಲ್ಲೂರಿನಲ್ಲಿ ಥಾಮಸ್ ಜರ್ಡನ್ (1811–1872) ಎಂಬ ವೈದ್ಯ ಕೆಲಸ ಮಾಡುತ್ತಿದ್ದ. ಅವನೂ ಬಲ್ಕ್‌ಲಿಯಂತೆ ಕಂಪನಿಯ ನೌಕರ. ಹಕ್ಕಿ, ಹಾವು, ಇರುವೆ, ಗಿಡ ಎಲ್ಲದರಲ್ಲೂ ಅವನಿಗೆ ಆಸಕ್ತಿ. ನೆಲ್ಲೂರು ಸೀಮೆಯ ಯಾನಾದಿ ಜನರು ಕಾಡಿನ ಒಳಹೊರಗನ್ನು ಬಲ್ಲವರು. ಅವರಿಂದ ಜರ್ಡನ್ ಬಹಳಷ್ಟು ತಿಳಿದುಕೊಂಡ. ಅವನ ‘ಭಾರತದ ಹಕ್ಕಿಗಳು’ ಗ್ರಂಥ 1862–64ರಲ್ಲಿ ಪ್ರಕಟವಾಯಿತು. ಅದರಲ್ಲಿ ನವರಂಗದ ತೆಲುಗು ಹೆಸರನ್ನು ‘ಪೊನ-ಇಂಕಿ’ ಎಂದು ಕೊಟ್ಟಿದ್ದಾನೆ. 1713ರ ಪೊನ್ನಂಕಿ, 150 ವರ್ಷಗಳ ನಂತರವೂ ಜನರ ಬಾಯಲ್ಲಿ ಉಳಿದಿತ್ತು ಎಂಬುದಕ್ಕೆ ಇದು ಸಾಕ್ಷಿ. ಈ ನಡುವೆ ವಿಜ್ಞಾನದಲ್ಲಿ ಹಕ್ಕಿ ಮೂರು ಕುಲಗಳನ್ನು ಬದಲಿಸಿತ್ತು!

ಜರ್ಡನ್ ಬರೆದ ಇನ್ನೊಂದು ಸಂಗತಿ ಮುಖ್ಯವಾದದ್ದು. ಅವನು ಮೊದಲ ಬಾರಿಗೆ ನವರಂಗವನ್ನು ಕಂಡದ್ದು ಕಾಡಿನಲ್ಲಲ್ಲ, ಮದರಾಸಿನ ಜನರಲ್ ಆಸ್ಪತ್ರೆಯ ಕಟ್ಟಡದೊಳಗೆ. ಅದು ಅಲ್ಲಿ ಆಶ್ರಯಕ್ಕೆಂದು ಸೇರಿಕೊಂಡಿತ್ತು. ಮುಂದೆ ನೆಲ್ಲೂರಿನಲ್ಲಿಯೂ ಹೀಗೆಯೇ ಗುಡಿಸಲು, ಹೊರಮನೆಗಳಲ್ಲಿ ಅಡಗಿದ್ದ ಹಲವು ಹಕ್ಕಿಗಳು ಅವನಿಗೆ ಜೀವಂತವಾಗಿ ಸಿಕ್ಕವು. ಎಲ್ಲವೂ ಸಿಕ್ಕದ್ದು ಬೇಸಿಗೆಯ ಆರಂಭದಲ್ಲಿ, ಪಶ್ಚಿಮದಿಂದ ನೆಲಗಾಳಿ ಜೋರಾಗಿ ಬೀಸತೊಡಗುವ ಹೊತ್ತಿನಲ್ಲಿ.

ಜರ್ಡನ್ ಇದಕ್ಕೆ ಕೊಟ್ಟ ವಿವರಣೆ ಹೀಗಿದೆ: ಇವು ಹಾರಾಟದಲ್ಲಿ ದುರ್ಬಲವಾದ ಹಕ್ಕಿಗಳು. ಪೂರ್ವಘಟ್ಟಗಳ ಕಾಡಿನಲ್ಲಿರುವ ಇವನ್ನು ಬಿರುಗಾಳಿ ಹೊಡೆದುಕೊಂಡು ಬಂದು ಕರಾವಳಿಗೆ ಎಸೆಯುತ್ತದೆ. ಗಾಳಿಯನ್ನು ಎದುರಿಸಲಾರದೆ ಇವು ಸಿಕ್ಕ ಸೂರಿನಡಿ ಸೇರಿಕೊಳ್ಳುತ್ತವೆ.

ಆ ಕಾಲಕ್ಕೆ ಇದು ಒಪ್ಪುವಂಥ ವಿವರಣೆಯೇ. ಋತು ಹೊಂದುತ್ತದೆ, ಗಾಳಿಯ ದಿಕ್ಕು ಹೊಂದುತ್ತದೆ, ಹಕ್ಕಿಯ ಸ್ವಭಾವವೂ ಹೊಂದುತ್ತದೆ. ಹತ್ತು ಅಡಿ ಹಾರಿ ಪೊದೆಗೆ ಬೀಳುವ ಹಕ್ಕಿಯನ್ನು ನೋಡಿದ ಯಾರಾದರೂ ಹಾಗೆಯೇ ಯೋಚಿಸಿಯಾರು. ಆದರೆ ಅದು ತಪ್ಪಾಗಿತ್ತು.

ಗಾಳಿ ತಂದದ್ದೋ, ತಾನೇ ಬಂದದ್ದೋ?

ಒಂದು ವಿವರಣೆ ಸರಿಯೇ ಎಂದು ಪರೀಕ್ಷಿಸುವುದು ಹೇಗೆ? ಅದು ನಿಜವಾಗಿದ್ದರೆ ಮತ್ತೇನೇನು ಕಾಣಬೇಕು ಎಂದು ಕೇಳಿ, ಹುಡುಕಬೇಕು. ಗಾಳಿಯೇ ಕಾರಣವಾಗಿದ್ದರೆ ಹಕ್ಕಿಗಳು ಘಟ್ಟಗಳ ಪೂರ್ವಕ್ಕೆ, ಕರಾವಳಿಯಲ್ಲಿ ಮಾತ್ರ ಹೀಗೆ ಸಿಗಬೇಕು. ಪಶ್ಚಿಮದ ಗಾಳಿ ಇರುವಾಗ ಮಾತ್ರ ಸಿಗಬೇಕು. ಕಾಡಿನಲ್ಲಿ ಅವು ವರ್ಷವಿಡೀ ಇರಬೇಕು.

ದಾಖಲೆಗಳು ಸೇರುತ್ತ ಹೋದಂತೆ ಈ ಮೂರೂ ನಿಲ್ಲಲಿಲ್ಲ. ಘಟ್ಟಗಳಿಂದ ದೂರದ ಒಳನಾಡಿನ ಊರುಗಳಲ್ಲೂ, ಬೆಂಗಳೂರಿನಂಥ ಎತ್ತರದ ಬಯಲಿನಲ್ಲೂ ದಣಿದ ನವರಂಗಗಳು ಸಿಕ್ಕವು. ಬೇಸಿಗೆಯಲ್ಲಷ್ಟೇ ಅಲ್ಲ, ಗಾಳಿಯ ದಿಕ್ಕು ಬೇರೆಯಾಗಿರುವ ಅಕ್ಟೋಬರ್‌ನಲ್ಲೂ ಸಿಕ್ಕವು. ಎಲ್ಲಕ್ಕಿಂತ ಮುಖ್ಯವಾಗಿ ದಕ್ಷಿಣದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಈ ಹಕ್ಕಿಗಳ ಸುಳಿವಿರಲಿಲ್ಲ. ಆಗ ಅವು ಎಲ್ಲಿದ್ದವು? ಅಲನ್ ಆಕ್ಟೇವಿಯನ್ ಹ್ಯೂಮ್ ದೇಶದ ಎಲ್ಲ ಭಾಗಗಳಿಂದ ಗೂಡು, ಮೊಟ್ಟೆಗಳ ವಿವರ ತರಿಸಿ 1873–75ರಲ್ಲಿ ಪ್ರಕಟಿಸಿದ. ಇಂಥ ಸಂಗ್ರಹಗಳು ಬೆಳೆದಂತೆ ಉತ್ತರ ಸಿಕ್ಕಿತು. ನವರಂಗ ಗೂಡು ಕಟ್ಟುವುದು ಜೂನ್–ಆಗಸ್ಟ್ ತಿಂಗಳುಗಳಲ್ಲಿ, ಹಿಮಾಲಯದ ತಪ್ಪಲು, ಮಧ್ಯ ಭಾರತ ಮತ್ತು ಪಶ್ಚಿಮ ಘಟ್ಟಗಳ ಉತ್ತರ ಭಾಗದ ಕಾಡುಗಳಲ್ಲಿ. ಮಳೆ ಬಿದ್ದು ನೆಲ ಒದ್ದೆಯಾಗಿ, ತರಗೆಲೆಯ ಕೆಳಗೆ ಹುಳುಗಳು ತುಂಬಿಕೊಳ್ಳುವ ಕಾಲವದು. ಚಳಿಗಾಲ ಕಳೆಯಲು ಅದು ದಕ್ಷಿಣ ಭಾರತಕ್ಕೆ ಬರುತ್ತದೆ, ಪಾಕ್ ಜಲಸಂಧಿಯನ್ನು ದಾಟಿ ಶ್ರೀಲಂಕಾಕ್ಕೂ ಹೋಗುತ್ತದೆ.

ಅಂದರೆ ‘ದುರ್ಬಲ ಹಾರಾಟದ’ ಈ ಹಕ್ಕಿ ವರ್ಷಕ್ಕೆ ಎರಡು ಬಾರಿ ಸಾವಿರ, ಎರಡು ಸಾವಿರ ಕಿಲೋಮೀಟರುಗಳ ಪ್ರಯಾಣ ಮಾಡುತ್ತದೆ. ಹಾರುವುದು ರಾತ್ರಿ. ರಾತ್ರಿಯ ಗಾಳಿ ತಂಪು, ಹದ್ದು-ಡೇಗೆಗಳ ಕಾಟವಿಲ್ಲ. ಹಗಲು ಇಳಿದು ತಿನ್ನಲು ಸಮಯ ಸಿಗುತ್ತದೆ. ರಾತ್ರಿಯೆಲ್ಲ ಹಾರಿದ ಹಕ್ಕಿ ಬೆಳಗಾಗುವಾಗ ಎಲ್ಲಿದೆಯೋ ಅಲ್ಲಿ ಇಳಿಯಬೇಕು. ಕೆಳಗೆ ಕಾಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಊರಿದ್ದರೆ ಜಗಲಿಯೇ ಗತಿ. ಇಳಿಯುವುದರಲ್ಲಿ ಕೆಲವೊಮ್ಮೆ ಎದುರುಗಾಳಿಯ ಪಾತ್ರವೂ ಇರಬಹುದು. ಆದರೆ ಅದನ್ನು ಹೊರಡಿಸಿದ್ದು ಗಾಳಿಯಲ್ಲ. ಜರ್ಡನ್‌ಗೆ ಬೇಸಿಗೆಯ ಆರಂಭದಲ್ಲಿ ಸಿಕ್ಕ ಹಕ್ಕಿಗಳು ಉತ್ತರಕ್ಕೆ ಹಿಂದಿರುಗುತ್ತಿದ್ದ ಪ್ರಯಾಣಿಕರು. ಸಲೀಂ ಅಲಿ ಮತ್ತು ಡಿಲನ್ ರಿಪ್ಲಿ ಅವರ ಹತ್ತು ಸಂಪುಟಗಳ ಕೈಪಿಡಿಯಲ್ಲಿ ನವರಂಗಕ್ಕೆ ಜಾಗ ಸಿಕ್ಕಿರುವುದು 1970ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ. ಆ ಹೊತ್ತಿಗೆ ಈ ವಲಸೆಯ ರೂಪರೇಖೆ ಸ್ಪಷ್ಟವಾಗಿತ್ತು.

ಇದೇ ಬಗೆಯ ಇನ್ನೊಂದು ಪಾಠ ನಮ್ಮ ರಾಜ್ಯದಲ್ಲೇ ನಡೆದಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಹೊಸ ಜ್ವರ ಬಂತು. ವೈರಸ್ಸನ್ನು ಪ್ರತ್ಯೇಕಿಸಿ ನೋಡಿದಾಗ ಅದು ರಷ್ಯದ ಉಣ್ಣೆಹುಳುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸನ್ನು ಹೋಲುತ್ತಿತ್ತು. ಉತ್ತರದಿಂದ ಬರುವ ವಲಸೆ ಹಕ್ಕಿಗಳು ಉಣ್ಣೆಹುಳುಗಳ ಜೊತೆ ಇದನ್ನು ತಂದಿರಬಹುದೇ ಎಂಬ ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿ ಅವರ ನೇತೃತ್ವದಲ್ಲಿ 1959ರಿಂದ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಆರಂಭಿಸಿತು. ಮಂಗನ ಕಾಯಿಲೆಯನ್ನು ವಲಸೆ ಹಕ್ಕಿಗಳು ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಉಂಗುರಗಳಿಂದ ದೊರೆತ ವಲಸೆಯ ಮಾಹಿತಿ ಉಳಿಯಿತು. ಭಾರತದ ವಲಸೆ ಹಕ್ಕಿಗಳ ಅಧ್ಯಯನಕ್ಕೆ ಅದೇ ತಳಹದಿಯಾಯಿತು.

ಎರಡೂ ಪ್ರಸಂಗಗಳಲ್ಲಿ ಊಹೆ ಬಿದ್ದುಹೋಯಿತು, ದಾಖಲೆ ನಿಂತಿತು. ಜರ್ಡನ್ ತನ್ನ ವಿವರಣೆಯನ್ನು ಮಾತ್ರ ಬರೆದು, ಹಕ್ಕಿ ಎಲ್ಲಿ, ಯಾವ ಋತುವಿನಲ್ಲಿ, ಯಾವ ಸ್ಥಿತಿಯಲ್ಲಿ ಸಿಕ್ಕಿತೆಂಬುದನ್ನು ಬಿಟ್ಟಿದ್ದರೆ ಇಂದು ನಮಗೆ ಅದರಿಂದ ಏನೂ ಉಪಯೋಗವಿರುತ್ತಿರಲಿಲ್ಲ. ಕಂಡದ್ದನ್ನೂ ಅನ್ನಿಸಿದ್ದನ್ನೂ ಬೇರೆಬೇರೆಯಾಗಿ ಬರೆದದ್ದರಿಂದ ಅವನ ತಪ್ಪನ್ನು ಅವನದೇ ಮಾಹಿತಿಯಿಂದ ತಿದ್ದಲು ಸಾಧ್ಯವಾಯಿತು.

ಗಂಟಲು ಹೇಳಿದ ನೆಂಟಸ್ತಿಕೆ

ಪಿಟ್ಟಗಳ ನಿಜವಾದ ನೆಂಟರು ಯಾರು ಎಂಬ ಪ್ರಶ್ನೆ ಇನ್ನೂ ಉಳಿದಿತ್ತು. ಅಮೆರಿಕದ ಡೇನಿಯಲ್ ಎಲಿಯಟ್ 1860ರ ದಶಕದ ಆರಂಭದಲ್ಲಿ ಪಿಟ್ಟಗಳನ್ನು ಕುರಿತು ಸುಂದರ ಚಿತ್ರಗಳಿದ್ದ ಗ್ರಂಥವೊಂದನ್ನು ಹೊರತಂದಾಗ ಅವನ್ನು ‘ಇರುವೆ ಥ್ರಷ್’ಗಳ ಕುಟುಂಬವೆಂದೇ ಕರೆದಿದ್ದ.

ದಾರಿ ತೋರಿಸಿದ್ದು ಹೊರಗಿನ ಬಣ್ಣವಲ್ಲ, ಒಳಗಿನ ಗಂಟಲು. ಹಕ್ಕಿಗಳ ಧ್ವನಿ ಹೊರಡುವುದು ಶ್ವಾಸನಾಳ ಕವಲೊಡೆಯುವ ಜಾಗದಲ್ಲಿರುವ ಸಿರಿಂಕ್ಸ್ ಎಂಬ ಅಂಗದಿಂದ. ಬರ್ಲಿನ್ನಿನ ಅಂಗರಚನಾ ವಿಜ್ಞಾನಿ ಯೋಹಾನೆಸ್ ಮ್ಯುಲರ್ 1840ರ ದಶಕದಲ್ಲಿ ಈ ಅಂಗದ ಸ್ನಾಯುಗಳನ್ನು ಹೋಲಿಸಿ, ಕೊಂಬೆಯ ಮೇಲೆ ಕೂರುವ ಹಕ್ಕಿಗಳಲ್ಲಿ ಬೇರೆಬೇರೆ ಗುಂಪುಗಳಿವೆಯೆಂದು ತೋರಿಸಿದ. ಮಡಿವಾಳ, ಪಿಕಳಾರ, ಕಾಗೆ, ಥ್ರಷ್ ಇವೆಲ್ಲ ಸಂಕೀರ್ಣ ಸಿರಿಂಕ್ಸ್ ಇರುವ ಹಾಡುಹಕ್ಕಿಗಳ ಗುಂಪಿಗೆ ಸೇರಿದವು. ಪಿಟ್ಟ ಸೇರಿದ್ದು ಇನ್ನೊಂದು ಗುಂಪಿಗೆ. ಹಾಡುಹಕ್ಕಿಯ ಮರಿ ಹಿರಿಯರನ್ನು ಕೇಳಿ ಹಾಡು ಕಲಿಯುತ್ತದೆ. ಎರಡನೆಯ ಗುಂಪಿನ ಬಹುಪಾಲು ಹಕ್ಕಿಗಳಲ್ಲಿ ಕೂಗು ಹುಟ್ಟಿನಿಂದಲೇ ಬರುತ್ತದೆ. ನವರಂಗದ ಎರಡೇ ಸ್ವರಗಳ ಸಿಳ್ಳೆಯನ್ನು ಕೇಳುವಾಗ ಇದನ್ನು ನೆನೆಯಬಹುದು.

ಈ ಎರಡನೆಯ ಗುಂಪಿನ ಬಹುತೇಕ ಪ್ರಭೇದಗಳಿರುವುದು ದಕ್ಷಿಣ ಅಮೆರಿಕದಲ್ಲಿ. ಅಲ್ಲಿ ನೆಲದ ಮೇಲೆ ಹುಳು ಹೆಕ್ಕುವ, ಉದ್ದ ಕಾಲಿನ, ಮೋಟುಬಾಲದ ಕೆಲವು ಹಕ್ಕಿಗಳನ್ನು ಇಂಗ್ಲಿಷಿನವರು ‘ಆಂಟ್‌ಪಿಟ್ಟ’ ಎಂದು ಕರೆದರು. ಅವು ಪಿಟ್ಟಗಳ ದೂರದ ಸಂಬಂಧಿಗಳಷ್ಟೇ. ಒಂದೇ ಬಗೆಯ ಬದುಕು ಒಂದೇ ಬಗೆಯ ಮೈಕಟ್ಟನ್ನು ರೂಪಿಸಿದೆ. ಹೀಗೆ ಪೆನ್ನಾ ತೀರದ ಮಾತು ಅಮೆಜಾನ್ ತೀರವನ್ನೂ ತಲುಪಿತು!

2006ರಲ್ಲಿ ಡಿ.ಎನ್.ಎ. ಹೋಲಿಕೆಯಿಂದ ಪಿಟ್ಟಗಳಲ್ಲಿ ಮೂರು ಸ್ಪಷ್ಟ ಕವಲುಗಳಿವೆಯೆಂದು ತಿಳಿದುಬಂತು. ಹಾಗಾಗಿ ಇಂದು 40ಕ್ಕೂ ಹೆಚ್ಚು ಪ್ರಭೇದಗಳನ್ನು ಮೂರು ಕುಲಗಳಾಗಿ ವಿಂಗಡಿಸುತ್ತಾರೆ. ಹಲವು ಪ್ರಭೇದಗಳು ಹೊಸ ಕುಲಗಳಿಗೆ ಹೋದವು. ಆದರೆ ನಮ್ಮ ನವರಂಗ ‘ಪಿಟ್ಟ’ ಕುಲದಲ್ಲೇ ಉಳಿದಿದೆ. ಮೊದಲು ಹೆಸರು ತಂದುಕೊಟ್ಟ ಹಕ್ಕಿ ಹೆಸರನ್ನು ಕಳೆದುಕೊಂಡಿಲ್ಲ.

ನಮ್ಮ ಶಾಲೆಗಳಲ್ಲಿ

ನವರಂಗ ಇಂದು ಅಳಿವಿನಂಚಿನ ಹಕ್ಕಿಯೇನಲ್ಲ. ಆದರೆ ಅದರ ದಾರಿ ಜರ್ಡನ್ನನ ಕಾಲದಷ್ಟು ಸುಗಮವಾಗಿಲ್ಲ. ರಾತ್ರಿಯ ದೀಪಗಳು ದಿಕ್ಕು ತಪ್ಪಿಸುತ್ತವೆ, ಗಾಜಿನ ಗೋಡೆಗಳಿಗೆ ಹಕ್ಕಿ ಬಡಿದುಕೊಳ್ಳುತ್ತದೆ. ಇಳಿದ ಕಡೆ ಪೊದೆಯಿಲ್ಲದಿದ್ದರೆ ಕಾಗೆ, ಬೆಕ್ಕು, ನಾಯಿಗಳ ಪಾಲಾಗುತ್ತದೆ. ‘ಸ್ವಚ್ಛತೆ’ಯ ಹೆಸರಿನಲ್ಲಿ ಬೇಲಿ ಸವರಿ, ತರಗೆಲೆ ಗುಡಿಸಿ ಸುಟ್ಟ ತೋಪಿನಲ್ಲಿ ಅದಕ್ಕೆ ಊಟವೂ ಇಲ್ಲ, ಮರೆಯೂ ಇಲ್ಲ.

ಜಗಲಿಯಲ್ಲಿ ಇಂಥ ಹಕ್ಕಿ ಸಿಕ್ಕರೆ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲು ಮತ್ತು ಮೌನವಿರುವ ಕಡೆ ಇಡಬೇಕು. ಬಾಯಿಗೆ ನೀರು ಹನಿಸಬಾರದು. ಶ್ವಾಸನಾಳಕ್ಕೆ ಹೋಗಿ ಸಾಯಬಹುದು. ಗಾಯವಿಲ್ಲದಿದ್ದರೆ ಸಂಜೆ ಕಾಗೆಗಳು ಗೂಡು ಸೇರಿದ ಮೇಲೆ ಪೊದೆಯ ಬಳಿ ಬಿಟ್ಟರೆ ಸಾಕು. ಗಾಯವಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾಡುಹಕ್ಕಿಯನ್ನು ಸಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಬಿಡುವ ಮೊದಲು ಒಂದು ಕೆಲಸ ಮಾಡಬಹುದು. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು: ದಿನಾಂಕ, ಸ್ಥಳ, ಹಕ್ಕಿಯ ಸ್ಥಿತಿ, ಹಿಂದಿನ ರಾತ್ರಿಯ ಹವೆ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆರಂಭವಾದ ‘ಮೈಗ್ರಂಟ್‌ವಾಚ್’ ಯೋಜನೆಯು ದೇಶದ ಸಾಮಾನ್ಯ ಜನರಿಂದಲೇ ಇಂಥ ದಿನಾಂಕಗಳನ್ನು ಸಂಗ್ರಹಿಸಿ ತೋರಿಸಿತು. ಈಗ ‘ಇ-ಬರ್ಡ್’ ಮೂಲಕ ಯಾವ ಶಾಲೆಯೂ ಇದನ್ನು ಮಾಡಬಹುದು. ಬಯಲುಸೀಮೆಯ ದಾರಿಯಲ್ಲಿ ಈ ಹಕ್ಕಿ ಎಲ್ಲೆಲ್ಲಿ, ಯಾವಾಗ ಇಳಿಯುತ್ತದೆಂದು ತಿಳಿಯಲು ಕಾಡಿನ ತಜ್ಞರಿಗಿಂತ ಹಳ್ಳಿಯ ಜಗಲಿಗಳೇ ಹೆಚ್ಚು ಸಹಾಯ ಮಾಡಬಲ್ಲವು.

ಐದನೆಯ ಸಾಲೊಂದನ್ನೂ ಸೇರಿಸೋಣ: ಮನೆಯಲ್ಲಿ, ಊರಿನಲ್ಲಿ ಇದನ್ನು ಏನೆಂದು ಕರೆಯುತ್ತಾರೆ, ಹಾಗೆ ಹೇಳಿದವರು ಯಾರು. ಅಜ್ಜಿಯೋ, ಕುರಿ ಕಾಯುವವರೋ, ಅವರ ಹೆಸರೂ ಆ ಸಾಲಿನಲ್ಲಿರಲಿ. 1713ರ ಪುಸ್ತಕದಲ್ಲಿ ಬಿಟ್ಟುಹೋದದ್ದು ಅದೊಂದೇ. ತೊಂಡೇಬಾವಿಯ ಹುಡುಗಿಯೊಬ್ಬಳು ಆ ಸಾಲಿನಲ್ಲಿ ಅಳುಕುತ್ತ ‘ಪಿಟ್ಟ’ ಎಂದು ಬರೆದರೆ, ಮೇಷ್ಟರು ಅದನ್ನು ತಿದ್ದಬೇಕಾಗಿಲ್ಲ. ಮುಂದೆ ‘ಬ್ರಾಕಿಯುರ’ ಎಂದು ಸೇರಿಸಿದರೆ ಸಾಕು.